ಹಡಗಿನಲ್ಲಿ ಊಟಕ್ಕೆ ಕರೆಯುವ ಕಷ್ಟ

ಕೆಲವರಿಗೆ ಉಗುರು ಕಚ್ಚುವ ಚಟ, ಕೆಲವರಿಗೆ ಮಾತಿಗೊಮ್ಮೆ ಮೂಗು ಮುಟ್ಟಿಕೊಳ್ಳುವ ಚಟ. ನನಗಿರುವುದು ಊಟಕ್ಕೆ ಕರೆಯುವ ಚಟ. ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿಯುವ ಹೊತ್ತಿಗೆ ಎದುರಿಗೆ ಯಾರೇ ಹಾದುಹೋಗಲಿ, "ಬರ್ರಿ, ಊಟಕ್ಕ ಬರ್ರಿ" ಎಂಬ ಮಾತು ನನ್ನ ಅಪ್ಪಣೆಗೂ ಕಾಯದೆ ಬಾಯಿಂದ ಹೊರಬೀಳುತ್ತದೆ. ಇದನ್ನು ಓದಿ ನನ್ನನ್ನು ದೊಡ್ಡ ದಾನಿ ಎಂದುಕೊಳ್ಳಬೇಡಿ. ನಮ್ಮ ಬೀದರ ಕಡೆ ಹುಟ್ಟಿದ ಎಲ್ಲರಿಗೂ ಇರುವ ಚಟ ಇದು. ಬೀದರದಿಂದ ಭಾಲ್ಕಿಗೆ ಹೋಗುವ ಬಸ್ಸಿನಲ್ಲಿ ಯಾರಾದರೂ ಬುತ್ತಿ ಬಿಚ್ಚಿದರೆ ಪಕ್ಕದವರನ್ನು, ಮುಂದಿನ ಸೀಟಿನವರನ್ನು, ಟಿಕೆಟ್ ಕೊಡಲು ಬಂದ ಕಂಡಕ್ಟರನ್ನೂ ಕರೆದ ಮೇಲೆಯೇ ಮೊದಲ ತುತ್ತು. ಅವರೆಲ್ಲ ಒಂದೇ ಧ್ವನಿಯಲ್ಲಿ "ನಡೀಲಿ ರಿ, ನಡೀಲಿ" ಎನ್ನುತ್ತಾರೆ. ಕರೆದವರಿಗೆ ಕರೆದ ಸಮಾಧಾನ, ಕರೆಸಿಕೊಂಡವರಿಗೆ ಮರ್ಯಾದೆ ಸಿಕ್ಕ ಸಮಾಧಾನ, ಬುತ್ತಿ ಮಾತ್ರ ಇದ್ದಷ್ಟೇ ಇರುತ್ತದೆ. ಇಷ್ಟು ಅಚ್ಚುಕಟ್ಟಾದ ಏರ್ಪಾಡು ನಮ್ಮ ಸೀಮೆ ದಾಟಿದರೆ ನಡೆಯುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ನನಗೆ ಅದು ಗೊತ್ತಾಗುವ ಹೊತ್ತಿಗೆ ನಾನು ನಡುಸಮುದ್ರದಲ್ಲಿದ್ದೆ, ಓಡಿಹೋಗಲು ನೆಲವೇ ಇರಲಿಲ್ಲ.

ನಾನು ಸಮುದ್ರಕ್ಕೆ ಹೋದದ್ದೇ ಒಂದು ತಮಾಷೆ. ಬೀದರದ ಒಂದು ಕಾಲೇಜಿನಲ್ಲಿ ಭೂಗೋಳ ಹೇಳುವ ಮಾಸ್ತರ ನಾನು, ಮನೆ ಚಿದ್ರಿಯಲ್ಲಿ. ಅಲ್ಲಿಯವರೆಗೆ ನಾನು ಕಂಡ ಅತಿ ದೊಡ್ಡ ನೀರೆಂದರೆ ಭಾಲ್ಕಿ ಕಡೆಯ ಕಾರಂಜಾ ಜಲಾಶಯ. ಆದರೆ ನಮ್ಮೂರಿನ ಕೆಂಪು ಕಲ್ಲಿನ ಅಡಿಯಲ್ಲಿ ಬಾದಶಹರ ಕಾಲದಲ್ಲಿ ತೋಡಿದ ಸುರಂಗ ಬಾವಿಗಳಿವೆಯಲ್ಲ, ಅವುಗಳ ಹುಚ್ಚು ನನಗೆ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅವುಗಳ ಬಾಯಿಯ ಹತ್ತಿರ ನಿಂತು ನಾನು ಮಾಡಿದ ಪಾಠವನ್ನು ಯಾರೋ ವಿಡಿಯೋ ಮಾಡಿ ಹರಿಬಿಟ್ಟರು. ಅದನ್ನು ಇನ್ನೆಲ್ಲೋ ಕೂತು ಇನ್ಯಾರೋ ನೋಡಿದರು. ನಾನಾ ದೇಶದ ಕಾಲೇಜು ಮಕ್ಕಳನ್ನು ಹತ್ತಿಸಿಕೊಂಡು ನೂರು ದಿನ ಬಂದರಿನಿಂದ ಬಂದರಿಗೆ ತಿರುಗುತ್ತಾ ಹಡಗಿನೊಳಗೇ ತರಗತಿ ನಡೆಸುವ ಒಂದು ಸಂಸ್ಥೆಯಂತೆ; ಹಳೆಯ ಕಾಲದ ನೀರಿನ ವ್ಯವಸ್ಥೆಯ ಬಗ್ಗೆ ಹೇಳಲು ನೀವು ಬರಬೇಕು ಎಂದು ಪತ್ರ ಬಂತು. ಕಣ್ಣು ಹಾಯಿಸಿದಷ್ಟೂ ನೀರಿರುವ ಜಾಗದಲ್ಲಿ ಕೂತು, ನೀರಿಲ್ಲದ ಊರಿನವರು ನೀರನ್ನು ಹೇಗೆ ಹುಡುಕಿದರು ಎಂದು ಹೇಳುವ ಕೆಲಸ. ಜೊತೆಗೆ ಸುರಂಗಗಳ ನಕ್ಷೆ ಬರೆದುಕೊಟ್ಟ ಧನರಾಜ ಸರ್ ಅವರಿಗೂ ಕರೆ ಬಂದಿತ್ತು. ಅವರು ಔರಾದದವರು, ಡಿಪ್ಲೊಮಾ ಕಾಲೇಜಿನಲ್ಲಿ ಸರ್ವೆ ಕಲಿಸುತ್ತಾರೆ. ದಿನಕ್ಕೆ ಇಪ್ಪತ್ತು ಮಾತು ಆಡಿದರೆ ಅದೇ ಹೆಚ್ಚು, ಅದರಲ್ಲಿ ಹದಿನೈದು "ಹೌದ್ರಿ ಸರ್".

ಪತ್ರ ಬಂದ ದಿನ ಊರೆಲ್ಲ ನನ್ನನ್ನು ಅಭಿನಂದಿಸಿತು. ನನ್ನ ಹೆಂಡತಿ ಶಕುಂತಲಾ ಮಾತ್ರ ಒಂದೇ ಪ್ರಶ್ನೆ ಕೇಳಿದಳು: "ನೂರು ದಿನಾ ಅಲ್ಲಿ ಏನು ತಿಂತೀರಿ?" ಪ್ರಶ್ನೆಯಲ್ಲಿ ಅರ್ಥವಿತ್ತು. ಹೈದರಾಬಾದಿಗೆ ಎರಡು ದಿನದ ತರಬೇತಿಗೆ ಹೋಗಿ, ಮೂರನೆಯ ದಿನ ಸಲಾಯಿನ್ ಏರಿಸಿಕೊಂಡು ಬಂದ ಹೊಟ್ಟೆ ನನ್ನದು. ಜೋಳದ ರೊಟ್ಟಿ ಬಿಟ್ಟು ಬೇರೆ ಏನು ಹಾಕಿದರೂ ಅದು ತಕರಾರು ತೆಗೆಯುತ್ತದೆ. ವಿಷಯ ಭಾಲ್ಕಿಗೆ ಮುಟ್ಟಿತು. ಭಾಲ್ಕಿಯಲ್ಲಿ ನಮ್ಮ ಅತ್ತೆ ಇದ್ದಾರೆ. ಎಪ್ಪತ್ತರ ಹತ್ತಿರದ ಹೆಂಗಸು, ಮೊಳಕಾಲು ನೋವು, ಆದರೂ ಅಳಿಯನ ಹೊಟ್ಟೆಯ ಸುದ್ದಿ ಕೇಳಿದ್ದೇ ಒಲೆಯ ಮುಂದೆ ಕೂತುಬಿಟ್ಟರು. ಐದು ದಿನ ಬಡಿದು, ಸುಟ್ಟು, ಒಣಗಿಸಿ ಇನ್ನೂರು ಖಡಕ್ ರೊಟ್ಟಿ ಮಾಡಿದರು. ದಿನಕ್ಕೆರಡರಂತೆ ನೂರು ದಿನಕ್ಕೆ. ಅದರ ಜೊತೆ ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳು, ಮಾವಿನ ಉಪ್ಪಿನಕಾಯಿ. ರೊಟ್ಟಿಗಳನ್ನು ಮೆತ್ತನೆಯ ಹಳೆಯ ಧೋತರದಲ್ಲಿ ಸುತ್ತಿ, ಮದುವೆಯಲ್ಲಿ ನನಗೆ ಕೊಟ್ಟಿದ್ದ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ತುಂಬಿ, ತಾವೇ ಬಸ್ಸಿನಲ್ಲಿ ತಂದು ಚಿದ್ರಿಯ ಮನೆಯಲ್ಲಿ ಇಳಿಸಿದರು.

ಈ ಅತ್ತೆಯ ವಿಷಯ ಇನ್ನೊಂದು ಮಾತು ಹೇಳಲೇಬೇಕು. ಹೆಣ್ಣು ನೋಡಲು ಭಾಲ್ಕಿಗೆ ಹೋದ ದಿನ ಅವರು ನನಗೆ "ಇನ್ನೊಂದು ಹೋಳಿಗಿ ಹಾಕಲೇನು?" ಎಂದರು. ಬೇಡ ಎಂದೆ. ಮತ್ತೊಮ್ಮೆ ಕೇಳಿದರು. ಖಂಡಿತ ಬೇಡ ಎಂದು ತಟ್ಟೆಗೆ ಕೈ ಅಡ್ಡ ಹಿಡಿದೆ. ಮೂರನೆಯ ಸಲ ಅವರು ಕೇಳಲಿಲ್ಲ, ನನ್ನ ಬೆರಳುಗಳ ಮೇಲೆಯೇ ಹೋಳಿಗೆ ಹಾಕಿ ತುಪ್ಪ ಸುರಿದರು. ಬೆರಳು ಸುಟ್ಟರೂ ನನಗೆ ಆ ಮನೆ ಹಿಡಿಸಿತು. ಮೊದಲ ಸಲ ಕರೆದದ್ದು ಬಾಯಿ, ಎರಡನೆಯ ಸಲ ಕರೆದದ್ದು ಮನಸ್ಸು ಎಂದು ನಮ್ಮ ಕಡೆಯ ಹಿರಿಯರು ಯಾರೂ ಪಾಠ ಮಾಡಿ ಕಲಿಸುವುದಿಲ್ಲ, ಹೀಗೆ ಬೆರಳು ಸುಟ್ಟು ಕಲಿಸುತ್ತಾರೆ. ಕಲಿತದ್ದು ನೆನಪಿರಬೇಕು, ಅಷ್ಟೇ.

ಸರಿ, ಮುಂಬಯಿಯಲ್ಲಿ ಹಡಗು ಹತ್ತಿದೆವು. ಹಡಗಿನ ಜೀವನವೆಂದರೆ ಸಂಜೆಯ ಗಾಳಿ, ಬಿಳಿ ಕುರ್ಚಿ, ಕೈಯಲ್ಲೊಂದು ಶರಬತ್ತು ಎಂದುಕೊಂಡಿದ್ದವನು ನಾನು. ಅದು ನಮ್ಮ ಹಾಸ್ಟೆಲಿಗಿಂತ ಕಡೆ. ಬೆಳಿಗ್ಗೆ ಗೋಡೆಯೊಳಗಿನ ಧ್ವನಿವರ್ಧಕದಲ್ಲಿ ಕ್ಯಾಪ್ಟನ್ ಸಾಹೇಬರು ಗುಡ್ ಮಾರ್ನಿಂಗ್ ಎನ್ನುತ್ತಾರೆ, ಅದನ್ನು ನಿಲ್ಲಿಸುವ ಗುಂಡಿ ಎಲ್ಲೂ ಇಲ್ಲ. ನಾನು, ಧನರಾಜ ಸರ್ ಇಬ್ಬರಿಗೂ ಸೇರಿ ಒಂದು ಕೋಣೆ. ಒಬ್ಬರು ಪ್ಯಾಂಟು ಹಾಕಿಕೊಳ್ಳುವಾಗ ಇನ್ನೊಬ್ಬರು ಮಂಚದ ಮೇಲೆ ಕಾಲು ಮಡಚಿ ಕೂರಬೇಕು. ಸ್ನಾನದ ಮನೆಯಲ್ಲಿ ನೀರು ಬಿಟ್ಟ ಕೂಡಲೇ ಪ್ಲಾಸ್ಟಿಕ್ ಪರದೆ ಬಂದು ಮೈಗೆ ಅಂಟಿಕೊಳ್ಳುತ್ತದೆ. ಪೂರ್ವಕ್ಕೆ ಹೋಗುತ್ತಿದ್ದೇವೆಂದು ನಾಲ್ಕಾರು ದಿನಕ್ಕೊಮ್ಮೆ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಳ್ಳುತ್ತಾರೆ. ಹಾಗೆ ಕಳೆದುಹೋದ ತಾಸುಗಳನ್ನು ಯಾರು ಇಟ್ಟುಕೊಂಡರೋ ತಿಳಿಯದು, ನನ್ನ ನಿದ್ದೆ ಮಾತ್ರ ಹೋಯಿತು. ಧನರಾಜ ಸರ್ ಅವರ ಕೈಗಡಿಯಾರ ಮಾತ್ರ ಔರಾದದ ಸಮಯ ಬಿಟ್ಟು ಕದಲಲಿಲ್ಲ. ಆಗಾಗ ಅದನ್ನು ನೋಡಿ, "ಈಗ ನಮ್ಮ ಮನ್ಯಾಗ ಉಣ್ಲಿಕ್ಕ ಕುಂತಿರ್ತಾರ ರಿ ಸರ್" ಎಂದು ಕಿಟಕಿಯ ಕಡೆ ನೋಡುತ್ತಿದ್ದರು. ಕಿಟಕಿಯೂ ನಿಜದ ಕಿಟಕಿಯಲ್ಲ, ಗೋಡೆಗೆ ಅಂಟಿಸಿದ ಚಿತ್ರ. ನಮ್ಮ ಕೋಣೆ ಹಡಗಿನ ಒಳಹೊಟ್ಟೆಯಲ್ಲಿತ್ತು.

ಪಾಠವೂ ಸುಖವಿಲ್ಲ. ನಾನು ಹಲಗೆಯ ಮೇಲೆ ಸುರಂಗ ಬಾವಿಯ ನೇರ ಗೆರೆ ಎಳೆಯುವಾಗ ಹಡಗು ವಾಲಿ ಗೆರೆ ಸೊಟ್ಟಗಾಗುತ್ತಿತ್ತು, ಮಕ್ಕಳು ಅದನ್ನೇ ಭಕ್ತಿಯಿಂದ ಬರೆದುಕೊಳ್ಳುತ್ತಿದ್ದರು. ಊಟದ ಹಾಲಿನ ಕತೆ ಕೇಳಬೇಡಿ. ಬೇಯಿಸಿದ ಎಲೆ, ಬೇಯಿಸದ ಎಲೆ, ಬಿಳಿ ಗೊಜ್ಜಿನಲ್ಲಿ ಮುಳುಗಿದ ಏನೋ ಒಂದು. ಖಾರ ಕೇಳಿದರೆ ಒಂದು ಸಣ್ಣ ಬಾಟಲಿ ತಂದಿಡುತ್ತಿದ್ದರು, ಅದೂ ಸಿಹಿ. ಎರಡನೆಯ ದಿನವೇ ನಾನು ಡಬ್ಬಿಗೆ ಶರಣಾದೆ. ಕೋಣೆಯಲ್ಲಿ ಚೂರು ಬಿದ್ದರೆ ಸ್ವಚ್ಛತೆಯವರು ಬೈಯುತ್ತಾರೆಂದು ಮಧ್ಯಾಹ್ನ ನಾಲ್ಕು ರೊಟ್ಟಿ, ಒಂದಿಷ್ಟು ಹಿಂಡಿ ತೆಗೆದುಕೊಂಡು ಹಡಗಿನ ಹಿಂಭಾಗದ ಬಯಲು ಜಗಲಿಗೆ ಹೋದೆ. ದಿನಕ್ಕೆರಡೇ ಎಂಬ ಲೆಕ್ಕವನ್ನು ಹಸಿವು ಮೊದಲ ದಿನವೇ ಮುರಿಯಿತು. ಮೂಲೆಯ ಮೇಜು ಹಿಡಿದು ರೊಟ್ಟಿ ಮುರಿದೆ. ಟಕ್ ಎಂಬ ಆ ಶಬ್ದ ಕೇಳಿ ಕಣ್ಣಲ್ಲಿ ನೀರೇ ಬಂತು. ಅಷ್ಟರಲ್ಲಿ ಕೊರಳಿಗೆ ದುರ್ಬೀನು ಹಾಕಿಕೊಂಡ ಒಬ್ಬ ಹಿರಿಯ ಹೆಂಗಸು ಎದುರಿಗೆ ಹಾದುಹೋದರು. ಕೆನಡಾದವರು, ಹೆಲೆನ್ ಎಂದು ಹೆಸರು, ನಮ್ಮ ಕಡೆಯ ರೂಢಿಯಂತೆ ನನಗೆ ಹೆಲೆನ್ ಬಾಯಿ, ಸಮುದ್ರದ ಹಕ್ಕಿಗಳ ಬಗ್ಗೆ ಪಾಠ ಮಾಡುವವರು. ನನ್ನ ಚಟ ಸುಮ್ಮನಿರಲಿಲ್ಲ. ಬರ್ರಿ ಊಟಕ್ಕ ಎಂಬುದನ್ನು ಇಂಗ್ಲಿಷ್ ಮಾಡಿ, ಮುಗುಳ್ನಕ್ಕು, ತಟ್ಟೆಯನ್ನು ಒಂದು ಬೆರಳಷ್ಟು ಮುಂದಕ್ಕೆ ತಳ್ಳಿದೆ.

ಹೆಲೆನ್ ಬಾಯಿಯವರು "ಅಯ್ಯೋ, ಎಷ್ಟು ಒಳ್ಳೆಯವರು ನೀವು!" ಎಂದು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ನನ್ನ ಜೀವನದಲ್ಲಿ ಇಂಥದ್ದು ನಡೆದದ್ದು ಅದೇ ಮೊದಲು. ಐವತ್ತು ವರ್ಷಗಳಲ್ಲಿ ನಾನು ಊಟಕ್ಕೆ ಕರೆದ ಸಾವಿರಾರು ಜನರಲ್ಲಿ ಒಬ್ಬರೂ ಒಂದೇ ಮಾತಿಗೆ ಕೂತವರಲ್ಲ. ನಾನು ರೊಟ್ಟಿಯ ಚೂರು ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ನೋಡುತ್ತಿದ್ದೆ. ಎಪ್ಪತ್ತು ದಾಟಿದರೂ ಅವರ ಒಂದು ಹಲ್ಲೂ ಬಿದ್ದಿರಲಿಲ್ಲ. ಎರಡು ರೊಟ್ಟಿಯನ್ನು ಕಟಕಟನೆ ಮುಗಿಸಿ, ಶೇಂಗಾ ಹಿಂಡಿಯನ್ನು ಚಮಚದಿಂದ ತಿಂದು, ಖಾರ ಹತ್ತಿ ಕಣ್ಣೊರೆಸಿಕೊಳ್ಳುತ್ತಾ, "ನಾಳೆಯೂ ಇದೇ ಹೊತ್ತಿಗೇ?" ಎಂದು ಕೇಳಿದರು. ಇಲ್ಲ ಎನ್ನಲು ನನ್ನ ನಾಲಿಗೆಗೆ ಅಭ್ಯಾಸವಿಲ್ಲ. ಮರುದಿನ ತಮ್ಮ ಜೊತೆ ಇಬ್ಬರು ವಿದ್ಯಾರ್ಥಿನಿಯರನ್ನು ಕರೆತಂದರು. ಅವರು ತಿನ್ನುವಾಗ ಇನ್ನೊಬ್ಬ ಆರಡಿ ಎತ್ತರದ ಹುಡುಗ ಹಾದುಹೋದ. ಅವನನ್ನು ಕರೆಯದಿರಲು ನಾನು ಹಲ್ಲು ಕಚ್ಚಿ ಸಮುದ್ರ ನೋಡಿದೆ, ಉಪ್ಪಿನಕಾಯಿಯಲ್ಲಿ ಎಷ್ಟು ಹೋಳಿವೆ ಎಂದು ಎಣಿಸಿದೆ. ಬಾಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು. ಅವನು ಜಗಲಿಯ ಆ ತುದಿ ಮುಟ್ಟುವ ಹೊತ್ತಿಗೆ ತಡೆಯಲಾರದೆ ಎದ್ದು, ಅವನ ಹಿಂದೆ ಓಡಿ, ಊಟಕ್ಕೆ ಕರೆದು ಬಂದೆ. ಅವನೂ ಬಂದ.

ಒಂದು ವಾರದಲ್ಲಿ ಹಿಂದಿನ ಜಗಲಿಯ ಮೂಲೆ ಮೇಜು ಪ್ರಸಿದ್ಧವಾಯಿತು. ಬೀದರದ ಪ್ರೊಫೆಸರರು ದಿನಾ ಒಂದೂವರೆಗೆ ಊಟಕ್ಕೆ ಕರೆಯುತ್ತಾರೆ ಎಂದು ಸುದ್ದಿ. ನಾನು ಊಟದ ಹೊತ್ತು ಬದಲಿಸಿದೆ, ಅವರೂ ಬದಲಿಸಿದರು. ಪ್ರಾಣ ಉಳಿಸುವ ದೋಣಿ ತೂಗುಹಾಕಿದ ಕಡೆ ಮರೆಯಲ್ಲಿ ಕೂತು ತಿನ್ನಲು ನೋಡಿದೆ. ಅಂದೇ ಪ್ರಾಣ ಉಳಿಸಿಕೊಳ್ಳುವ ಕವಾಯತು ಇಟ್ಟಿದ್ದರು. ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡ ಅರವತ್ತು ಜನ ಸಾಲಾಗಿ ನನ್ನ ಎದುರಿಗೇ ಬಂದು ನಿಂತರು. ಅಷ್ಟೂ ಜನರನ್ನು ಕರೆಯುವಷ್ಟು ಮೂರ್ಖ ನಾನಲ್ಲ. ಮುಂದಿನ ಸಾಲಿನವರನ್ನು ಮಾತ್ರ ಕರೆದೆ. ಕೊನೆಗೊಂದು ದಿನ ನಮ್ಮ ಕೋಣೆಯ ಸ್ನಾನದ ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡು, ಕೂದಲು ಒಣಗಿಸುವ ಯಂತ್ರದಿಂದ ರೊಟ್ಟಿಗೆ ಬಿಸಿಗಾಳಿ ಹೊಡೆಯುತ್ತಾ ಕೂತೆ. ಸಮುದ್ರದ ಹವೆಗೆ ರೊಟ್ಟಿ ಮೆತ್ತಗಾಗುತ್ತಿತ್ತು, ಹಾಗೆ ಮಾಡಿದರೆ ಮತ್ತೆ ಖಡಕ್ ಆಗುತ್ತದೆ. ಸ್ವಚ್ಛತೆಯ ಹೆಂಗಸು ಬಾಗಿಲು ತಟ್ಟಿ, ಬಹಳ ಹೊತ್ತಾಯಿತು, ಆರೋಗ್ಯವಾಗಿದ್ದೀರಾ ಎಂದು ಕೇಳಿದಳು. ಹೌದು, ಊಟ ಮಾಡುತ್ತಿದ್ದೇನೆ, ಬನ್ನಿ ಎಂದೆ. ಆಕೆ ಸೀದಾ ಹೋಗಿ ಹಡಗಿನ ಡಾಕ್ಟರನ್ನು ಕರೆತಂದಳು. ಬಂದ ಮೇಲೆ ಡಾಕ್ಟರರನ್ನೂ ಕರೆಯಬೇಕಾಯಿತಲ್ಲ! ಅವರೂ ಒಂದು ತಿಂದರು.

ಮನೆಗೆ ಫೋನು ಹಚ್ಚಿದರೆ ಅದು ಇನ್ನೊಂದು ಫಜೀತಿ. ಹಡಗಿನಲ್ಲಿ ಮಾತು ತುಂಡುತುಂಡಾಗಿ ಹೋಗುತ್ತದೆ, ಆದರೆ ಶಕುಂತಲಾಳ ಪ್ರಶ್ನೆ ಮಾತ್ರ ಇಡಿಯಾಗಿ ಬರುತ್ತಿತ್ತು.

"ರೊಟ್ಟಿ ಎಷ್ಟು ಉಳದಾವ ರಿ?"

"ಅವ. ಇನ್ನಾ ಭಾಳ ಅವ."

"ಭಾಳ ಅಂದ್ರ ಎಷ್ಟು? ಎಣಿಸಿ ಹೇಳ್ರಿ. ಅವ್ವ ಕೇಳ್ಲಿಕತ್ತಾಳ. ಐದು ದಿನಾ ಒಲಿ ಮುಂದ ಕುಂತಿದ್ದಕ್ಕ ಈಗ ಮೊಳಕಾಲು ಮಡಚ್ಲಿಕ್ಕೇ ಬರವಲ್ದು ಆಕಿಗಿ."

"ನೂರಾ ಇಪ್ಪತ್ತು ಇರಬೇಕು" ಎಂದೆ. ಡಬ್ಬಿಯಲ್ಲಿದ್ದವು ಅರವತ್ತು.

"ಮತ್ತ ಯಾರಿಗರೆ ಹಂಚ್ಲಿಕತ್ತೀರೇನು? ನಿಮ್ಮ ಹೊಟ್ಟಿ ಹ್ಯಾಂಗದ ನೆನಪದನ?"

ಅಷ್ಟರಲ್ಲಿ ಸಂಪರ್ಕ ತಪ್ಪಿತು. ನೂರು ದಿನದಲ್ಲಿ ಆ ಹಡಗಿನ ಇಂಟರ್ನೆಟ್ಟಿಗೆ ನಾನು ಕೃತಜ್ಞನಾದದ್ದು ಅದೊಂದೇ ಸಲ. ಆದರೆ ಅತ್ತೆಯ ಮೊಳಕಾಲಿನ ಮಾತು ತಲೆಯಲ್ಲಿ ಉಳಿಯಿತು. ಅವರು ಕೂತು ಬಡಿದ ರೊಟ್ಟಿ ನನ್ನ ಹೊಟ್ಟೆಗಾಗಿ. ಅದು ಕೆನಡಾದ ಹಲ್ಲುಗಳಿಗೆ ಹೋಗುತ್ತಿದೆ. ಉಳಿದ ದಿನವೆಲ್ಲ ಬಿಳಿ ಗೊಜ್ಜು ತಿಂದು ನಾನು ಊರು ಮುಟ್ಟುತ್ತೇನೋ ಇಲ್ಲವೋ ಎಂಬ ಹೆದರಿಕೆ ಬೇರೆ. ನಿಜವಾಗಿ ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ಇಡೀ ಜಗತ್ತಿನ ಮೇಲೆ ಸಿಟ್ಟು ಬಂದಿತ್ತು. ಕರೆದ ಕೂಡಲೇ ಬರುವುದೆಂದರೇನು? ಒಂದು ಸಂಕೋಚ ಬೇಡವೇ? ಮೇಷ್ಟರು ಮರ್ಯಾದೆಗೆ ಕರೆದಿದ್ದಾರೆ ಎಂಬಷ್ಟು ಬುದ್ಧಿ ಬೇಡವೇ? ಇಷ್ಟು ದೇಶಗಳು ಸೇರಿ ಒಂದು "ನಡೀಲಿ ರಿ" ಕಲಿಯದಿದ್ದರೆ ಇವರ ಶಿಕ್ಷಣಕ್ಕೆ ಬೆಂಕಿ ಹಚ್ಚಬೇಕು.

ಈ ಅನಾಗರಿಕರ ನಡುವೆ ನನಗೆ ಸಮಾಧಾನ ಕೊಡುತ್ತಿದ್ದದ್ದು ಧನರಾಜ ಸರ್ ಒಬ್ಬರೇ. ದಿನಾ ಮಧ್ಯಾಹ್ನ ಕೋಣೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದು, "ಧನರಾಜ ಸರ್, ಊಟಕ್ಕ ಬರ್ರಿ" ಎನ್ನುತ್ತಿದ್ದೆ. ಅವರು ದಿನಾ ತಪ್ಪದೆ, "ನಡೀಲಿ ರಿ ಸರ್, ನಿಮ್ಮದು ನಡೀಲಿ" ಎನ್ನುತ್ತಿದ್ದರು. ಆಮೇಲೆ ಬಗ್ಗಿ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟುತ್ತಾ ಒಂದು ಗಳಿಗೆ ನಿಲ್ಲುತ್ತಿದ್ದರು. ಎಷ್ಟು ಶಿಸ್ತಿನ ಮನುಷ್ಯ, ಬೂಟಿನ ದಾರವನ್ನೂ ಎರಡೆರಡು ಸಲ ಕಟ್ಟುತ್ತಾರೆ ಎಂದು ನಾನು ಮೆಚ್ಚಿಕೊಳ್ಳುತ್ತಿದ್ದೆ. ಅಷ್ಟು ಹೊತ್ತಿಗೆ ನಾನು ಮುಚ್ಚಳ ಹಾಕಿ ಜಗಲಿಯ ದಾರಿ ಹಿಡಿಯುತ್ತಿದ್ದೆ, ಅವರು ಊಟದ ಹಾಲಿಗೆ ಹೋಗಿ ಬೇಯಿಸಿದ ಎಲೆ ತಿನ್ನುತ್ತಿದ್ದರು. ಇವರನ್ನು ನೋಡಿ ಕಲಿಯಿರಿ, ಸಂಸ್ಕೃತಿ ಅಂದರೆ ಇದು ಎಂದು ಹೆಲೆನ್ ಬಾಯಿಯವರಿಗೆ ಒಂದು ದಿನ ಉಪದೇಶವನ್ನೂ ಮಾಡಿದೆ. ಅವರು ಗಮನವಿಟ್ಟು ಕೇಳುತ್ತಾ ಮೂರನೆಯ ರೊಟ್ಟಿ ತೆಗೆದುಕೊಂಡರು.

ನಲವತ್ತೊಂದನೆಯ ದಿನಕ್ಕೆ ಡಬ್ಬಿಯಲ್ಲಿ ನಾಲ್ಕು ರೊಟ್ಟಿ ಉಳಿದವು. ನಾಲ್ಕೂ ನನಗೇ ಎಂದು ನಿರ್ಧರಿಸಿದೆ. ಬೆಳಿಗ್ಗೆಯಿಂದ ಸಮುದ್ರ ಕುದಿಯುತ್ತಿತ್ತು. ತರಗತಿಯಲ್ಲಿ ಕುರ್ಚಿಗಳು ವಿದ್ಯಾರ್ಥಿಗಳ ಸಮೇತ ಎಡಕ್ಕೂ ಬಲಕ್ಕೂ ಸರಿದಾಡತೊಡಗಿದಾಗ ಪಾಠ ನಿಲ್ಲಿಸಿ ಎಲ್ಲರನ್ನೂ ಕೋಣೆಗೆ ಕಳಿಸಿದರು. ಗೋಡೆ ಹಿಡಿದು ತೂರಾಡುತ್ತಾ ಬಂದು ನಮ್ಮ ಕೋಣೆಯ ಬಾಗಿಲು ತೆಗೆದರೆ, ನನ್ನ ಡಬ್ಬಿ ತೆರೆದಿದೆ. ಧನರಾಜ ಸರ್ ನೆಲದ ಮೇಲೆ ಕೂತಿದ್ದಾರೆ. ಅತ್ತೆಯ ಧೋತರ ಅವರ ತೊಡೆಯ ಮೇಲಿದೆ. ಏನನ್ನೋ ಬೆರಳಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದಾರೆ.

ನನ್ನ ಮೈಯೆಲ್ಲ ಉರಿಯಿತು. ಔರಾದದ ಸಭ್ಯ ಮನುಷ್ಯ, ಬೂಟಿನ ದಾರ ಎರಡು ಸಲ ಕಟ್ಟುವವರು, ಕೊನೆಗೆ ಕಳ್ಳತನ! "ಏನ್ರಿ ಸರ್ ಇದು?" ಎಂದು ಕೂಗಿಯೇಬಿಟ್ಟೆ.

ಅವರ ಮುಖ ಸಪ್ಪಗಾಯಿತು. "ರೊಟ್ಟಿ ಮುಟ್ಟಿಲ್ಲ ರಿ ಸರ್, ದೇವರಾಣಿ" ಎಂದರು. "ನಾಲ್ಕೂ ಹಂಗೇ ಅವ ನೋಡ್ರಿ. ಇದು ಚೂರು ರಿ, ಬುಡದಾಗ ಬಿದ್ದದ್ದು. ನೀವು ದಿನಾ ಸಮುದ್ರದ ಹಕ್ಕಿಗಿ ಹಾಕ್ತಿದ್ರಿ, ಆ ಹೆಲೆನ್ ಬಾಯಾರು ಹಾಕಬ್ಯಾಡ್ರಿ ಅಂದ್ರಂತ ಡಬ್ಬ್ಯಾಗೇ ಬಿಟ್ಟಿದ್ರಿ. ಹಾಳಾಗಿ ಹೋಗ್ತದಲ್ಲ ಅಂತ..."

ಬೆರಳಿನಲ್ಲಿ ಅಂಟಿದ್ದದ್ದು ನಿಜವಾಗಿಯೂ ಪುಡಿ. ನನ್ನ ಸಿಟ್ಟು ಅರ್ಧ ಇಳಿಯಿತು, ಇನ್ನರ್ಧಕ್ಕೆ ಕಾರಣ ಹುಡುಕಿದೆ. "ಚೂರು ಯಾಕ ತಿಂತೀರಿ ರಿ? ನಿಮಗ ರೊಟ್ಟಿ ಬೇಕಿತ್ತಂದ್ರ ಹೇಳಬಾರದಿತ್ತೇನು? ನಾ ದಿನಾ ಕರದೇನಿಲ್ಲ? ಒಂದು ದಿನಾನೂ ಬಿಟ್ಟಿಲ್ಲ!"

"ಕರದ್ರಿ ಸರ್. ಇಲ್ಲ ಅನ್ನಂಗಿಲ್ಲ" ಎಂದರು ಅವರು, ಧೋತರವನ್ನು ಮಡಚುತ್ತಾ. "ದಿನಾ ಒಂದು ಮಾತು ಕರದ್ರಿ. ಒಂದೇ ಮಾತಿಗಿ ನಮ್ಮ ಕಡಿ ಯಾರು ಹೋಗಿ ಕೂಡ್ತಾರ ರಿ? ಎರಡನೇ ಮಾತು ಕರೀತೀರೇನಂತ ನಾ ದಿನಾ ನಿಂತು ನೋಡ್ತಿದ್ದೆ. ನೀವು ಮುಚ್ಚಳ ಹಾಕ್ತಿದ್ರಿ."

ಹಡಗು ಒಮ್ಮೆ ಜೋರಾಗಿ ವಾಲಿತು. ನಾನು ಮಂಚದ ಮೇಲೆ ಕೂತೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅವರು ನಡೀಲಿ ಎಂದ ಪ್ರತಿ ಸಲವೂ, ಒಂದು ರೊಟ್ಟಿ ಉಳಿಯಿತು ಎಂದು ನನ್ನೊಳಗೆ ಯಾರೋ ಎಣಿಸುತ್ತಿದ್ದರು. ಎರಡನೆಯ ಮಾತು ಕರೆಯಬೇಕೆಂಬುದು ನನಗೆ ಗೊತ್ತಿರಲಿಲ್ಲವೇ? ಭಾಲ್ಕಿಯಲ್ಲಿ ಬೆರಳು ಸುಟ್ಟುಕೊಂಡು ಕಲಿತವನು ನಾನು. ಊರು ಕೇರಿ ಗೊತ್ತಿಲ್ಲದವರ ಹಿಂದೆ ಜಗಲಿಯ ತುದಿಯವರೆಗೆ ಓಡಿಹೋಗಿ ಕರೆದು ಬಂದೆ. ಒಂದೇ ಕೋಣೆಯಲ್ಲಿ, ಒಂದು ಮಾರು ದೂರದಲ್ಲಿ ಮಲಗುವ ನಮ್ಮ ಜಿಲ್ಲೆಯ ಮನುಷ್ಯ, ರೊಟ್ಟಿ ಮುರಿಯುವ ಶಬ್ದ ಕೇಳಿದರೆ ಮನೆ ನೆನಪಾಗುವ ಒಬ್ಬನೇ ಒಬ್ಬ ಮನುಷ್ಯ, ನಲವತ್ತು ದಿನ ಬೂಟಿನ ದಾರ ಬಿಚ್ಚಿ ಕಟ್ಟುತ್ತಾ ಎರಡನೆಯ ಮಾತಿಗೆ ಕಾದರು. ಅನಾಗರಿಕರು ಯಾರು ಎಂದು ಆಗ ಯಾರಾದರೂ ಕೇಳಿದ್ದರೆ ನಾನು ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿಕೊಳ್ಳಬೇಕಿತ್ತು.

ನಾಲ್ಕು ರೊಟ್ಟಿಯನ್ನು ತಟ್ಟೆಗೆ ಹಾಕಿದೆ. ಉಳಿದಿದ್ದ ಹಿಂಡಿಯನ್ನೆಲ್ಲ ಸುರಿದೆ. "ಬರ್ರಿ ಸರ್, ಊಟಕ್ಕ" ಎಂದೆ.

"ನಡೀಲಿ ರಿ ಸರ್" ಎಂದರು. ಅಭ್ಯಾಸ ಯಾರನ್ನು ಬಿಟ್ಟಿದೆ?

"ಬರ್ರಿ ಅಂದ್ನಲ್ಲ ರಿ."

"ಈಗೇನು ಹಸಿವಿಲ್ಲ ರಿ ಸರ್, ಖರೇನೆ."

ಮೂರನೆಯ ಮಾತಿಗೆ ನಾನು ಬಾಯಿ ತೆರೆಯಲಿಲ್ಲ. ಅವರ ಕೈ ಹಿಡಿದು ಎಳೆದು ತಟ್ಟೆಯ ಮುಂದೆ ಕೂರಿಸಿದೆ. ಅವರು ಒಂದು ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮುರಿದರು. ಹಿಂಡಿ ಹಚ್ಚಿ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಬಹಳ ಹೊತ್ತು ಅಗಿದರು. "ಭಾಲ್ಕಿ ಜ್ವಾಳ ಏನ್ರಿ?" ಎಂದರು. ಹೌದು ಎಂದೆ. "ನಮ್ಮವ್ವನೂ ಇಷ್ಟೇ ತೆಳ್ಳಗ ಬಡೀತಿದ್ಳು ರಿ" ಎಂದರು. ಆ ದಿನ ಅವರ ಇಪ್ಪತ್ತು ಮಾತಿನ ಕೋಟಾ ಅಲ್ಲಿಗೇ ಮುಗಿದಿರಬೇಕು, ಆಮೇಲೆ ಸುಮ್ಮನೆ ತಿಂದರು. ಮೊದಲ ರೊಟ್ಟಿ ಮುಗಿಸಿ ಅವರು ಎರಡನೆಯದನ್ನು ಅರ್ಧ ತಿಂದಿದ್ದರು, ನಾನಿನ್ನೂ ಒಂದನ್ನು ಮುಗಿಸಿರಲಿಲ್ಲ, ಅಷ್ಟರಲ್ಲಿ ತೆರೆದ ಬಾಗಿಲಿನಲ್ಲಿ ಹೆಲೆನ್ ಬಾಯಿಯವರು ಕಾಣಿಸಿಕೊಂಡರು. ಅಲೆಯ ಹೊಡೆತಕ್ಕೆ ನಾನು ಎಲ್ಲಾದರೂ ಬಿದ್ದಿದ್ದೇನೋ ಏನೋ ಎಂದು ವಿಚಾರಿಸಲು ಗೋಡೆ ಹಿಡಿದು ಬಂದಿದ್ದರು ಪಾಪ. ನಾನು ತುಟಿ ಬಿಗಿದುಕೊಂಡೆ. ಈ ಸಲ ಕರೆಯುವುದಿಲ್ಲ ಎಂದು ಅತ್ತೆಯ ಮೊಳಕಾಲಿನ ಆಣೆ ಹಾಕಿಕೊಂಡೆ.

"ಪ್ಲೀಸ್ ಕಮ್, ಮೇಡಂ" ಎಂಬ ಧ್ವನಿ ಕೇಳಿತು. ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ಕರೆದವರು ಧನರಾಜ ಸರ್!

ಹೆಲೆನ್ ಬಾಯಿಯವರು ಬಂದರು, ಕೂತರು, ನಾಲ್ಕನೆಯ ರೊಟ್ಟಿಯನ್ನೂ ಧನರಾಜ ಸರ್ ಅವರ ಕೈಯಲ್ಲಿದ್ದ ಅರ್ಧವನ್ನೂ ಮುಗಿಸಿದರು.

ಮಿಕ್ಕ ಐವತ್ತೊಂಬತ್ತು ದಿನ ನಾನೂ ಧನರಾಜ ಸರ್ ಒಟ್ಟಿಗೇ ಊಟದ ಹಾಲಿಗೆ ಹೋದೆವು. ಬಿಳಿ ಗೊಜ್ಜಿಗೆ ಉಪ್ಪಿನಕಾಯಿಯ ಎಣ್ಣೆ ಬೆರೆಸಿದರೆ ಬದುಕಬಹುದು ಎಂಬುದು ಅವರ ಸಂಶೋಧನೆ. ನನ್ನ ಹೊಟ್ಟೆ, ಯಾರೂ ಕಾಳಜಿ ಮಾಡುವವರಿಲ್ಲ ಎಂದು ಗೊತ್ತಾದ ಮೇಲೆ, ಆಶ್ಚರ್ಯವೆನ್ನುವಂತೆ ಸುಮ್ಮನಾಯಿತು. ಇಳಿಯುವ ದಿನ ಹೆಲೆನ್ ಬಾಯಿಯವರು ನನ್ನ ಖಾಲಿ ಡಬ್ಬಿಯನ್ನು ಕೇಳಿ ಇಸಿದುಕೊಂಡು, ಅದರ ತುಂಬ ತಮ್ಮೂರಿನ ಗಟ್ಟಿ ಬಿಸ್ಕೀಟು ತುಂಬಿ ಕೊಟ್ಟರು. ಖಾಲಿ ಪಾತ್ರೆ ಹಿಂದಿರುಗಿಸಬಾರದೆಂದು ಅವರಿಗೆ ಯಾರು ಕಲಿಸಿದರೋ ಗೊತ್ತಿಲ್ಲ. ಇಷ್ಟು ದಿನ ನಾನು ಅವರ ಮೇಲೆ ಹಾಕಿದ ಶಾಪಗಳನ್ನು ಒಂದೊಂದಾಗಿ ವಾಪಸು ತೆಗೆದುಕೊಂಡೆ.

ಮನೆಗೆ ಬಂದ ದಿನ ಶಕುಂತಲಾ ಡಬ್ಬಿ ತೆರೆದು, ಬಿಸ್ಕೀಟು ಮೂಸಿ ನೋಡಿ, ವಿಚಾರಣೆ ಶುರು ಮಾಡಿದಳು. ಎಲ್ಲವನ್ನೂ ಒಪ್ಪಿಕೊಂಡೆ. ಹಂಚಿದ್ದಕ್ಕೆ ಬೈಯುತ್ತಾಳೆಂದು ತಲೆ ತಗ್ಗಿಸಿ ಕೂತಿದ್ದೆ, ಆಕೆ ಬೈಯಲಿಲ್ಲ. "ತಿಂದವರು ಚಲೋ ಅವ ಅಂದ್ರಿಲ್ಲ? ಅವ್ವಗ ಹೇಳ್ತೇನಿ, ಖುಷಿ ಆಗ್ತಾಳ" ಎಂದಳು. ಆಮೇಲೆ, "ಧನರಾಜ ಸರ್ ಎಷ್ಟು ತಿಂದ್ರು?" ಎಂದಳು.

"ಒಂದೂವರಿ."

"ದಿನಕ್ಕೇನು?"

ನಾನು ಫ್ಯಾನಿನ ಕಡೆ ನೋಡಿದೆ. "ನೂರು ದಿನಕ್ಕ" ಎಂದೆ. ಆಕೆ ನನ್ನನ್ನು ನೋಡಿದ ನೋಟದ ಮುಂದೆ ಆ ದಿನದ ಸಮುದ್ರ ಏನೇನೂ ಅಲ್ಲ.

ಕತೆ ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಬೀದರ ಬಸ್ ನಿಲ್ದಾಣದಲ್ಲಿ ಬೀಳ್ಕೊಳ್ಳುವಾಗ ಧನರಾಜ ಸರ್ ಔರಾದದ ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಒಂದಿನ ಔರಾದಕ್ಕ ಬರ್ರಿ ಸರ್, ಮನಿಗಿ ಊಟಕ್ಕ" ಎಂದಿದ್ದರು. ನಾನು ಪದ್ಧತಿಯಂತೆ, "ಆಗ್ಲಿ ಬಿಡ್ರಿ, ನೋಡೋಣ" ಎಂದಿದ್ದೆ. ಬಸ್ಸು ಹೊರಟುಹೋಗಿತ್ತು. ಅದಾಗಿ ಎರಡು ತಿಂಗಳಾಯಿತು. ಅವರ ಮನೆಯಲ್ಲಿ ರೊಟ್ಟಿ ತೆಳ್ಳಗಿರುತ್ತವೆ ಎಂದು ಕೇಳಿದ್ದೇನೆ. ಮೊನ್ನೆ ಬೆಳಿಗ್ಗೆ ಕಾಲೇಜಿಗೆ ಹೊರಟು ಬೂಟು ಹಾಕಿಕೊಂಡು ಪಡಸಾಲೆಯಲ್ಲಿ ನಿಂತಾಗ ಅವರ ಫೋನು ಬಂತು. ನಕ್ಷೆಯ ವಿಷಯ ಮಾತಾಡಿದರು, ಹವೆಯ ವಿಷಯ ಮಾತಾಡಿದರು, ಮನೆಯವರ ಆರೋಗ್ಯ ಕೇಳಿದರು. ಎಲ್ಲ ಮುಗಿದ ಮೇಲೂ ನಾನು ಫೋನು ಇಡದೆ ಒಂದು ಗಳಿಗೆ ಸುಮ್ಮನೆ ಹಿಡಿದುಕೊಂಡಿದ್ದೆ. ಅವರೂ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ, "ಇಡ್ತೇನಿ ರಿ ಸರ್" ಎಂದರು.

"ಏನಂತ ರಿ ಅವರದು?" ಎಂದು ಶಕುಂತಲಾ ಒಳಗಿನಿಂದ ಕೇಳಿದಳು.

ಏನಿಲ್ಲ ಎಂದು ಬಗ್ಗಿ ಬೂಟಿನ ದಾರ ಕಟ್ಟತೊಡಗಿದೆ. ಅದನ್ನು ಆಗಲೇ ಕಟ್ಟಿದ್ದೆ.